ಸಿಟ್ಟು ನೆತ್ತಿಗೇರಿದಾಗ ‘ನಾನು ಶಾಂತವಾಗಿದ್ದೇನೆ’ ಅಂದುಕೊಂಡರೆ ಅದು ಸುಳ್ಳಲ್ವಾ?

ಸಂಜೆಬೆಳಕು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದಕ್ಕೇ ಬರೆಯುತ್ತಿದ್ದೇನೆ. ಪುರುಸೊತ್ತಾದಾಗ ಓದಿ.

ನನ್ನ ಅಮ್ಮನಿಗೆ ಮರೆವಿನ ಕಾಯಿಲೆ. ಮೂರು ವರ್ಷದಿಂದ ನಾನೇ ನೋಡಿಕೊಳ್ಳುತ್ತಿದ್ದೇನೆ. ಅಪ್ಪ ತೀರಿಕೊಂಡು ಐದು ವರ್ಷ ಆಯಿತು. ಆದರೆ ಹೊತ್ತು ಮುಳುಗುತ್ತಿದ್ದಂತೆ ಅಮ್ಮ ಬಾಗಿಲ ಕಡೆ ನೋಡುತ್ತಾ ‘ನಿಮ್ಮಪ್ಪ ಬಂದ್ರಾ?’ ಎಂದು ಕೇಳುತ್ತಾಳೆ. ಏನೋ ಒಂದು ಹೇಳಿ ಸಮಾಧಾನ ಮಾಡುತ್ತೇನೆ. ಐದು ನಿಮಿಷ ಬಿಟ್ಟು ಮತ್ತೆ ಅದೇ ಪ್ರಶ್ನೆ. ಮತ್ತೆ ಅದೇ ಉತ್ತರ. ಹತ್ತನೆಯ ಸಲದ ತನಕ ಹೇಗೋ ತಡೆದುಕೊಳ್ಳುತ್ತೇನೆ.

ಗೆಳತಿಯೊಬ್ಬಳು ಅಫರ್ಮೇಶನ್ ಹೇಳಿಕೋ ಎಂದಳು, ಅಂದರೆ ನಮಗೆ ನಾವೇ ಮತ್ತೆ ಮತ್ತೆ ಹೇಳಿಕೊಳ್ಳುವ ಒಳ್ಳೆಯ ಮಾತು. ‘ಬೌದ್ಧ ಅಫರ್ಮೇಶನ್’ ಎಂಬ ಹೆಸರಿನಲ್ಲಿ ಸಿಕ್ಕ ಮೂರು ಸಾಲುಗಳನ್ನು ಚೀಟಿಯಲ್ಲಿ ಬರೆದು ಕನ್ನಡಿಗೆ ಅಂಟಿಸಿದೆ. ನಾನು ಶಾಂತವಾಗಿದ್ದೇನೆ. ನಾನು ತಾಳ್ಮೆಯ ಕಡಲು. ಯಾವುದೂ ನನ್ನನ್ನು ಅಲುಗಾಡಿಸುವುದಿಲ್ಲ. ದಿನಾ ಬೆಳಗ್ಗೆ ಹತ್ತು ಸಲ ಹೇಳಿಕೊಂಡೆ.

ಎಂಟನೆಯ ದಿನ ಸಂಜೆ ‘ಎಷ್ಟು ಸಲ ಹೇಳ್ಲಿ ನಿಂಗೆ!’ ಎಂದು ಅಮ್ಮನ ಮೇಲೆ ಕಿರುಚಿಬಿಟ್ಟೆ. ಅವಳು ಬೆಚ್ಚಿಬಿದ್ದಳು. ಹೊದಿಕೆಯ ಅಂಚನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ತಲೆ ತಗ್ಗಿಸಿ ಕೂತಳು. ಮುಖ ತೊಳೆಯಲು ಹೋದರೆ ಕನ್ನಡಿಯಲ್ಲಿ ‘ತಾಳ್ಮೆಯ ಕಡಲು’. ಚೀಟಿ ಕಿತ್ತು ಹರಿದು ಹಾಕಿದೆ.

ನನ್ನ ಪ್ರಶ್ನೆ ಇಷ್ಟೇ. ಬೌದ್ಧ ಮಾರ್ಗದಲ್ಲಿ ನಿಜವಾಗಿಯೂ ಇಂಥ ಮಾತುಗಳಿವೆಯಾ? ಇದ್ದರೆ ಅವು ಹೀಗೇ ಇರುತ್ತವಾ? ನಾನು ಧ್ಯಾನ ಮಾಡುವವಳಲ್ಲ. ಒಂದೇ ಕಡೆ ಹತ್ತು ನಿಮಿಷ ಕೂರುವುದಕ್ಕೂ ನನಗೆ ಬಿಡುವಿಲ್ಲ.

ಹಳೆಯ ಮರ

ತಂಗಿ, ಚೀಟಿ ಹರಿದು ಹಾಕಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ಆ ಸಾಲುಗಳು ನಿಮಗೆ ಸುಳ್ಳು ಅನ್ನಿಸಿದ್ದು ಸರಿಯಾಗಿಯೇ ಇದೆ. ಕೆಲವು ವರ್ಷಗಳಿಂದ ಪಾಲಿ ಸುತ್ತಗಳನ್ನು, ಅಂದರೆ ಪಾಲಿ ಭಾಷೆಯಲ್ಲಿರುವ ಬುದ್ಧನ ಉಪದೇಶಗಳನ್ನು ಓದುತ್ತಿದ್ದೇನೆ. ನನಗೆ ತಿಳಿದದ್ದನ್ನು ಹೇಳುತ್ತೇನೆ.

ಅಂಗುಲಿಮಾಲನ ಕಥೆ ಎಲ್ಲರಿಗೂ ಗೊತ್ತು. ಕೊಲೆಗಾರ, ಬೆರಳುಗಳ ಹಾರ, ಬುದ್ಧನ ಎದುರು ಮನಸ್ಸು ಬದಲಾದದ್ದು. ಅದರ ಮುಂದಿನ ಭಾಗ ಜಾಸ್ತಿ ಜನರ ಬಾಯಲ್ಲಿ ಇಲ್ಲ. ಮಜ್ಝಿಮ ನಿಕಾಯದ 86ನೆಯ ಸುತ್ತದಲ್ಲಿ ಅದು ಬರುತ್ತದೆ (ನಿಕಾಯ ಎಂದರೆ ಸುತ್ತಗಳ ಸಂಗ್ರಹ). ಭಿಕ್ಷುವಾದ ಮೇಲೆ ಅಂಗುಲಿಮಾಲ ಒಂದು ದಿನ ಭಿಕ್ಷೆಗೆ ಹೋಗುತ್ತಾನೆ. ಹೆರಿಗೆ ಕಷ್ಟವಾಗಿ ನರಳುತ್ತಿದ್ದ ಒಬ್ಬ ಹೆಂಗಸು ಕಣ್ಣಿಗೆ ಬೀಳುತ್ತಾಳೆ. ಕರುಳು ಚುರ್ ಎನ್ನುತ್ತದೆ. ಬಂದು ಬುದ್ಧನಿಗೆ ಹೇಳುತ್ತಾನೆ. ಬುದ್ಧ ಅನ್ನುತ್ತಾನೆ: ಹೋಗಿ ಅವಳಿಗೆ ಹೀಗೆ ಹೇಳು, ‘ಹುಟ್ಟಿದಾಗಿನಿಂದ ನಾನು ಬೇಕೆಂದು ಯಾವ ಜೀವವನ್ನೂ ತೆಗೆದಿಲ್ಲ, ಈ ಸತ್ಯದಿಂದ ನಿನಗೂ ನಿನ್ನ ಕೂಸಿಗೂ ಒಳ್ಳೆಯದಾಗಲಿ.’

ಅಂಗುಲಿಮಾಲ ಅಲ್ಲೇ ತಡೆಯುತ್ತಾನೆ. ನಾನು ಎಷ್ಟೋ ಜನರನ್ನು ಕೊಂದವನು, ಹಾಗೆ ಹೇಳಿದರೆ ತಿಳಿದೂ ತಿಳಿದೂ ಸುಳ್ಳು ಹೇಳಿದಂತಾಗುವುದಿಲ್ಲವೇ ಎಂದು ಕೇಳುತ್ತಾನೆ. ಆಗ ಬುದ್ಧ ಆ ಮಾತನ್ನೇ ತಿದ್ದುತ್ತಾನೆ. ‘ಆರ್ಯ ಜನ್ಮದಲ್ಲಿ ಹುಟ್ಟಿದ ಮೇಲೆ’ ಎಂದು ಸೇರಿಸಿ ಹೇಳು ಅನ್ನುತ್ತಾನೆ. ಅಂದರೆ ಭಿಕ್ಷುವಾದ ಮೇಲೆ. ಅದು ನಿಜ. ಅಂಗುಲಿಮಾಲ ಹೋಗಿ ಹಾಗೆಯೇ ಹೇಳುತ್ತಾನೆ, ತಾಯಿ ಮಗು ಇಬ್ಬರೂ ಸುಖವಾಗಿ ಉಳಿಯುತ್ತಾರೆ. ಇಂಥ ಮಾತಿಗೆ ಪಾಲಿಯಲ್ಲಿ ಸಚ್ಚಕಿರಿಯಾ ಎಂಬ ಹೆಸರಿದೆ, ಸತ್ಯಕ್ರಿಯೆ.

ಕಥೆಯ ಪವಾಡವನ್ನು ನಂಬಿ, ಬಿಡಿ. ನನಗೆ ಅದರಲ್ಲಿ ಮುಖ್ಯ ಅನ್ನಿಸಿದ್ದು ಬೇರೆ. ಮಾತಿಗೆ ಬಲ ಬರುವುದು ಅದು ನಿಜವಾಗಿದ್ದಾಗ ಮಾತ್ರ. ಹೇಳುವವನ ಬಾಯಿಗೇ ಅದು ಸುಳ್ಳು ಅನ್ನಿಸಿದರೆ ಮಾತನ್ನು ತಿದ್ದಬೇಕು. ‘ನಾನು ತಾಳ್ಮೆಯ ಕಡಲು’ ಎಂಬುದು ನಿಮ್ಮ ಪಾಲಿಗೆ ತಿದ್ದಬೇಕಾದ ಮಾತು.

ಹೇಗೆ ತಿದ್ದುವುದು? ಮೆತ್ತಾ ಎಂದರೆ ಮೈತ್ರಿ, ಎಲ್ಲರ ಒಳಿತನ್ನು ಬಯಸುವುದು. ಮೆತ್ತಾ ಸುತ್ತದ ಒಂದು ಸಾಲು ನೋಡಿ: ‘ಸಬ್ಬೇ ಸತ್ತಾ ಭವಂತು ಸುಖಿತತ್ತಾ.’ ಎಲ್ಲ ಜೀವಿಗಳೂ ಸುಖವಾಗಿರಲಿ. ಸುಖವಾಗಿವೆ ಎಂದಿಲ್ಲ. ಇರಲಿ ಎಂದಿದೆ. ಕನ್ನಡದಲ್ಲಿ ಇದಕ್ಕೆ ಒಂದೇ ಒಂದು ಅಕ್ಷರ ಸಾಕು, ‘ಲಿ’. ಆಗಲಿ, ಇರಲಿ, ಸಿಗಲಿ. ‘ನಾನು ಶಾಂತವಾಗಿದ್ದೇನೆ’ ಎಂದರೆ ಮನಸ್ಸು ‘ಎಲ್ಲಿದ್ದೀಯ?’ ಎಂದು ಜಗಳಕ್ಕೆ ಬರುತ್ತದೆ. ‘ನನಗೆ ಶಾಂತಿ ಸಿಗಲಿ’ ಎಂದರೆ ಜಗಳಕ್ಕೆ ಜಾಗವೇ ಇಲ್ಲ. ಬಯಸಿದ್ದು ನಿಜ ತಾನೇ?

ನೀಲಿ ಶಾಯಿ

ನಾನು ಆಪ್ತ ಸಮಾಲೋಚನೆ ಮಾಡುವವಳು. ಹಳೆಯ ಮರ ಅವರ ಮಾತಿಗೆ ಇನ್ನೊಂದು ಕಡೆಯಿಂದ ಒಂದೆರಡು ಸೇರಿಸುತ್ತೇನೆ.

ಕನ್ನಡಿ ಮುಂದೆ ನಿಂತು ‘ನಾನು ಹೀಗಿದ್ದೇನೆ, ಹಾಗಿದ್ದೇನೆ’ ಎನ್ನುವ ರೂಢಿಯ ಬೇರು ಬೌದ್ಧ ಗ್ರಂಥಗಳಲ್ಲಿ ಇಲ್ಲ. ಫ್ರಾನ್ಸಿನ ಔಷಧ ವ್ಯಾಪಾರಿ ಎಮಿಲ್ ಕುಯೆ (1857–1926) ದಿನದಿಂದ ದಿನಕ್ಕೆ ಎಲ್ಲ ರೀತಿಯಲ್ಲೂ ಚೆನ್ನಾಗಿ ಆಗುತ್ತಿದ್ದೇನೆ ಎಂಬ ಮಾತನ್ನು ಮತ್ತೆ ಮತ್ತೆ ಹೇಳಿಕೊಳ್ಳಲು ಜನರಿಗೆ ಕಲಿಸಿದರು. ಇವತ್ತಿನ ಅಫರ್ಮೇಶನ್‌ಗಳಿಗೆ ಅವರು ಒಬ್ಬ ಹಿರಿಯರಿದ್ದಂತೆ. ಅದಕ್ಕೆ ಬುದ್ಧನ ಚಿತ್ರ ಅಂಟಿಸಿದ್ದು ಆಮೇಲಿನವರು.

2009ರಲ್ಲಿ ಕೆನಡಾದ ಮನಶ್ಶಾಸ್ತ್ರಜ್ಞೆ ಜೊಆನ್ ವುಡ್ ಮತ್ತು ಜೊತೆಗಾರರು ಒಂದು ಅಧ್ಯಯನ ಪ್ರಕಟಿಸಿದರು. ‘ನಾನು ಪ್ರೀತಿಗೆ ಯೋಗ್ಯ ವ್ಯಕ್ತಿ’ ಎಂಬಂಥ ಮಾತನ್ನು ಜನರಿಂದ ಹೇಳಿಸಿ ನೋಡಿದರು. ತಮ್ಮ ಬಗ್ಗೆ ಮೊದಲೇ ಒಳ್ಳೆಯ ಅಭಿಪ್ರಾಯ ಇದ್ದವರಿಗೆ ಸ್ವಲ್ಪ ಖುಷಿಯಾಯಿತು. ತಮ್ಮನ್ನು ತಾವೇ ಕಡಿಮೆ ಎಂದುಕೊಂಡಿದ್ದವರಿಗೆ ಮನಸ್ಸು ಇನ್ನಷ್ಟು ಕುಗ್ಗಿತು. ಯಾರಿಗೆ ಬೇಕಿತ್ತೋ ಅವರಿಗೇ ಅದು ತಿರುಗುಬಾಣ ಆಯಿತು. ಸಂಜೆಬೆಳಕು ಅವರೇ, ಕನ್ನಡಿಯ ಮುಂದೆ ನಿಮಗೆ ಆದದ್ದೂ ಹೆಚ್ಚುಕಡಿಮೆ ಇದೇ ಇರಬೇಕು. ತಪ್ಪು ನಿಮ್ಮದಲ್ಲ.

ಮೆತ್ತಾ ಬಗೆಯ ಹಾರೈಕೆಯ ಮೇಲೂ ಅಧ್ಯಯನಗಳಾಗಿವೆ. 2008ರಲ್ಲಿ ಬಾರ್ಬರಾ ಫ್ರೆಡ್ರಿಕ್ಸನ್ ಮತ್ತು ಜೊತೆಗಾರರು ಒಂದು ಕಂಪನಿಯ ಕೆಲಸಗಾರರಿಗೆ ಏಳು ವಾರ ಮೈತ್ರಿ ಧ್ಯಾನ ಕಲಿಸಿದರು. ಅವರ ದಿನನಿತ್ಯದ ಒಳ್ಳೆಯ ಭಾವನೆಗಳು ಹೆಚ್ಚಾದವು. ಆದರೆ ಮೊದಲ ದಿನವೇ ಅಲ್ಲ, ವಾರ ಕಳೆದ ಹಾಗೆ ನಿಧಾನಕ್ಕೆ.

ಇನ್ನೊಂದು ಮಾತು. ನಿದ್ದೆ ಹೋಗಿದ್ದರೆ, ಬದುಕೇ ಬೇಡ ಅನ್ನಿಸುತ್ತಿದ್ದರೆ ಯಾವ ಸಾಲನ್ನೂ ನೆಚ್ಚಿ ಕೂರಬೇಡಿ, ವೈದ್ಯರನ್ನು ನೋಡಿ. ರೋಗಿಯನ್ನು ನೋಡಿಕೊಳ್ಳುವವರು ತಾವೇ ಹಾಸಿಗೆ ಹಿಡಿದದ್ದನ್ನು ನಾನು ಕಂಡಿದ್ದೇನೆ.

ಸಂಜೆಬೆಳಕು

ಇಬ್ಬರಿಗೂ ಕೈ ಮುಗಿಯುತ್ತೇನೆ. ‘ಲಿ’ ಎಂಬ ಒಂದು ಅಕ್ಷರದ ಮಾತು ಓದಿ ಕಣ್ಣು ತುಂಬಿ ಬಂತು. ನಿದ್ದೆ ಪರವಾಗಿಲ್ಲ, ಆ ಮಟ್ಟಕ್ಕೆ ಹೋಗಿಲ್ಲ. ಆದರೆ ಬೆಳಗ್ಗೆ ಹೇಳಿಕೊಂಡದ್ದು ಸಂಜೆ ಆರು ಗಂಟೆಗೆ ನೆನಪಿಗೇ ಬರುವುದಿಲ್ಲ. ಅದಕ್ಕೆ ಏನು ಮಾಡುವುದು?

ರಾತ್ರಿ ಪಾಳಿ

ಇದಕ್ಕೆ ನಾನು ಹೇಳಬಲ್ಲೆ. ನಾನು ನರ್ಸ್. ಹನ್ನೊಂದು ವರ್ಷದಿಂದ ವಾರ್ಡಿನಲ್ಲಿದ್ದೇನೆ.

ಬೆಳಗ್ಗೆ ಹತ್ತು ಸಲ ಹೇಳುವುದನ್ನು ಬಿಡಿ. ಮಾತನ್ನು ಒಂದು ಕೆಲಸಕ್ಕೆ ಕಟ್ಟಿಹಾಕಿ. ನನ್ನದು ಕೈ ತೊಳೆಯುವುದು. ಒಬ್ಬ ರೋಗಿಯಿಂದ ಇನ್ನೊಬ್ಬರ ಹತ್ತಿರ ಹೋಗುವ ಮುಂಚೆ ತೊಳೆಯಲೇಬೇಕು. ಸೋಪು ಹಚ್ಚಿ ಉಜ್ಜಲು ಕಡೇಪಕ್ಷ 20 ಸೆಕೆಂಡು ಬೇಕು. ಮೊದಲೆಲ್ಲ ಆ 20 ಸೆಕೆಂಡಿನಲ್ಲಿ ಹಿಂದಿನ ಬೆಡ್‌ನವರು ಬೈದದ್ದನ್ನೇ ನೆನೆಸಿಕೊಂಡು ಕುದಿಯುತ್ತಿದ್ದೆ. ಈಗ ಬೆರಳ ಸಂದಿ ಉಜ್ಜುವಾಗ ಒಂದು ಮಾತು: ‘ಈ ಕೈ ಮುಟ್ಟಿದವರ ನೋವು ಕಡಿಮೆಯಾಗಲಿ.’ ನೀರು ಬಿಡುವಾಗ ಇನ್ನೊಂದು: ‘ನನ್ನ ದಣಿವೂ ಇಳಿಯಲಿ.’ ಮುಗಿಯಿತು. ಒಂದು ಪಾಳಿಯಲ್ಲಿ ಎಷ್ಟು ಸಲ ಆಗುತ್ತದೋ ಲೆಕ್ಕ ಇಟ್ಟಿಲ್ಲ. ಕೆಲವು ಸಲ ಬರೀ ಬಾಯಿಪಾಠದ ಹಾಗೆ ಬರುತ್ತದೆ. ಪರವಾಗಿಲ್ಲ, ಕೈಯಂತೂ ತೊಳೆದಾಯಿತು.

ಇದು ನಾನು ಕಂಡುಹಿಡಿದದ್ದಲ್ಲ. ವಿಯೆಟ್ನಾಮಿನ ಭಿಕ್ಷು ಥಿಕ್ ನಾತ್ ಹಾನ್ (1926–2022) ದಿನದ ಸಣ್ಣಪುಟ್ಟ ಕೆಲಸಗಳಿಗೆಲ್ಲ ಹೀಗೆ ಚಿಕ್ಕ ಸಾಲುಗಳನ್ನು ಹೇಳಿಕೊಡುತ್ತಿದ್ದರು. ಗಾಥಾ ಎಂದು ಕರೆಯುತ್ತಾರೆ. ಏಳುವಾಗ, ಕೈ ತೊಳೆಯುವಾಗ, ದೀಪ ಹಾಕುವಾಗ. ಫೋನ್ ಬಡಿದುಕೊಂಡರೆ ತಕ್ಷಣ ಎತ್ತಬೇಡಿ, ಅದನ್ನು ಧ್ಯಾನಕ್ಕೆ ಕರೆಯುವ ಗಂಟೆಯ ಸದ್ದು ಎಂದುಕೊಂಡು ಮೂರು ಉಸಿರು ತೆಗೆದುಕೊಳ್ಳಿ ಎಂದೂ ಕಲಿಸುತ್ತಿದ್ದರು. ಫೋನಿನದ್ದೂ ಮಾಡಿ ನೋಡಿದ್ದೇನೆ. ಆ ಕಡೆಯವರು ಅದೇ ಜನ, ಆದರೆ ನನ್ನ ‘ಹಲೋ’ ಬೇರೆಯಾಗಿರುತ್ತದೆ.

ನಿಮ್ಮ ಅಮ್ಮ ಕೇಳುವ ಆ ಪ್ರಶ್ನೆಯನ್ನೇ ಗಂಟೆ ಮಾಡಿಕೊಳ್ಳಬಹುದಲ್ವಾ?

ಕಿಟಕಿ ಪಕ್ಕ

ಕೊನೆಯ ಸಾಲು ಓದಿ ಐದು ನಿಮಿಷ ಸುಮ್ನೆ ಕೂತಿದ್ದೆ. ಧನ್ಯವಾದ.

ಒಣಗಿದ ಬಾವಿ

ನನ್ನದು ಬೇರೆ ತೊಡಕು. ಒಡಹುಟ್ಟಿದ ಅಣ್ಣನೇ ನನಗೆ ಮೋಸ ಮಾಡಿದ. ಯಾರೋ ಹೇಳಿದರೆಂದು ‘ಅಣ್ಣನಿಗೆ ಒಳ್ಳೆಯದಾಗಲಿ’ ಎಂದು ದಿನಾ ಹೇಳಿಕೊಳ್ಳಲು ಶುರುಮಾಡಿದೆ. ಬಾಯಿ ಹೇಳುತ್ತದೆ, ಹೊಟ್ಟೆ ಉರಿಯುತ್ತದೆ. ಹೇಳಿದಷ್ಟೂ ಅವನ ಮುಖವೇ ಎದುರು ಬರುತ್ತದೆ, ಸಿಟ್ಟು ಇಮ್ಮಡಿಯಾಗುತ್ತದೆ. ‘ಲಿ’ ಹಾಕಿದರೂ ನನಗೆ ಅದು ಸುಳ್ಳೇ.

ಹಳೆಯ ಮರ

ಅದು ಸುಳ್ಳು ಅನ್ನಿಸುತ್ತಿರುವಷ್ಟು ದಿನ ಅದನ್ನು ಹೇಳಬೇಡಿ. ನೀವು ಕೊನೆಯ ಮೆಟ್ಟಿಲಿಗೇ ಕಾಲಿಟ್ಟಿದ್ದೀರಿ.

ಐದನೆಯ ಶತಮಾನದಲ್ಲಿ ಬೌದ್ಧ ವಿದ್ವಾಂಸ ಬುದ್ಧಘೋಷ ಬರೆದ ವಿಸುದ್ಧಿಮಗ್ಗ ಎಂಬ ಸಾಧನೆಯ ಕೈಪಿಡಿಯಲ್ಲಿ ಮೈತ್ರಿಯನ್ನು ಬೆಳೆಸುವ ಕ್ರಮ ಬಿಡಿಸಿ ಹೇಳಿದೆ. ಮೊದಲು ತನಗೆ. ಆಮೇಲೆ ತಾನು ಗೌರವಿಸುವವರಿಗೆ, ಪ್ರೀತಿಯ ಗೆಳೆಯರಿಗೆ. ಆಮೇಲೆ ಅತ್ತ ಇಷ್ಟವೂ ಇಲ್ಲದ, ಇತ್ತ ದ್ವೇಷವೂ ಇಲ್ಲದ ಒಬ್ಬರಿಗೆ. ವೈರಿಯ ಸರದಿ ಕೊನೆಗೆ. ವೈರಿಯಿಂದ ಶುರು ಮಾಡಬೇಡಿ, ಅವನನ್ನು ನೆನೆದರೆ ಸಿಟ್ಟೇ ಹುಟ್ಟುತ್ತದೆ ಎಂದು ಅಲ್ಲಿ ನೇರವಾಗಿಯೇ ಎಚ್ಚರಿಸಿದೆ. ನಿಮಗೆ ಆದದ್ದು ಸಾವಿರದೈನೂರು ವರ್ಷದ ಹಿಂದೆಯೇ ಬರೆದಿಟ್ಟ ಮಾತು.

ಅಣ್ಣನನ್ನು ಪಕ್ಕಕ್ಕಿಡಿ. ತಿಂಗಳುಗಟ್ಟಲೆ ಇಟ್ಟರೂ ಸರಿ. ‘ಈ ಉರಿಯಿಂದ ನನಗೆ ಬಿಡುಗಡೆ ಸಿಗಲಿ’ ಎಂಬುದು ಇವತ್ತು ನಿಮಗೆ ನಿಜ ಅಲ್ವಾ? ಅದನ್ನು ಹೇಳಿ.

ಬಾಗಿಲು

ನಾನು ಇಲ್ಲಿ ಬರೆಯುವುದು ಕಡಿಮೆ. ಇವತ್ತು ಬರೆಯಲೇಬೇಕು ಅನ್ನಿಸಿತು.

ಮದುವೆಯಾದ ಹೊಸದರಲ್ಲಿ ಗಂಡ ಕೈ ಎತ್ತುತ್ತಿದ್ದ. ನಾನು ‘ಎಲ್ಲವನ್ನೂ ಸಮಚಿತ್ತದಿಂದ ಸ್ವೀಕರಿಸುತ್ತೇನೆ’ ಎಂದು ಪುಸ್ತಕದಲ್ಲಿ ನೂರಾರು ಸಲ ಬರೆದಿದ್ದೇನೆ. ಪುಟಗಟ್ಟಲೆ ಬರೆದಿದ್ದೇನೆ. ಆ ಸಾಲಿನಿಂದಲೇ ಎರಡು ವರ್ಷ ಜಾಸ್ತಿ ಅಲ್ಲಿ ಉಳಿದೆ. ಅಕ್ಕ ಬಂದು ಆ ಪುಸ್ತಕ ನೋಡಿ ‘ಇದು ಶಾಂತಿ ಅಲ್ಲ ಕಣೇ, ಮರಗಟ್ಟಿರೋದು’ ಎಂದಳು. ಅವತ್ತೇ ಹೊರಟೆ.

ಯಾರಿಗಾದರೂ ಇಂಥ ಸಾಲು ಹೇಳಿಕೊಡುವ ಮುಂಚೆ ಅವರು ಏನನ್ನು ಸಹಿಸಲು ಅದನ್ನು ಬಳಸುತ್ತಿದ್ದಾರೆ ಎಂದು ದಯವಿಟ್ಟು ಕೇಳಿ.

ಹಳೆಯ ಮರ

ನೀವು ಬರೆದದ್ದು ತುಂಬಾ ಒಳ್ಳೆಯದಾಯಿತಮ್ಮ. ನಿಮ್ಮ ಅಕ್ಕ ಹೇಳಿದ್ದು ಅಕ್ಷರಶಃ ಹಳೆಯ ಪಾಠ. ಮೆತ್ತಾ (ಮೈತ್ರಿ), ಕರುಣಾ, ಮುದಿತಾ (ಇನ್ನೊಬ್ಬರ ಸುಖಕ್ಕೆ ಹಿಗ್ಗುವುದು), ಉಪೇಕ್ಷಾ (ಸಮಚಿತ್ತ) ಎಂಬ ನಾಲ್ಕಕ್ಕೂ ವಿಸುದ್ಧಿಮಗ್ಗ ಎರಡೆರಡು ಶತ್ರುಗಳನ್ನು ಹೇಳುತ್ತದೆ. ದೂರದ ಶತ್ರು ಎದ್ದು ಕಾಣುತ್ತದೆ. ಹತ್ತಿರದ ಶತ್ರು ಥೇಟ್ ಅದರಂತೆಯೇ ಕಾಣುತ್ತದೆ, ಹಾಗಾಗಿ ಮೋಸ ಹೋಗುವುದು ಅಲ್ಲೇ. ಮೈತ್ರಿಯ ಹತ್ತಿರದ ಶತ್ರು ಮೋಹ ತುಂಬಿದ ಅಂಟು. ಕರುಣೆಯದು ದುಃಖದಲ್ಲಿ ಮುಳುಗುವುದು. ಸಮಚಿತ್ತದ ಹತ್ತಿರದ ಶತ್ರು ತಿಳಿವಿಲ್ಲದ ಉದಾಸೀನ. ಏನಾಗುತ್ತಿದೆ ಎಂದು ನೋಡಲೂ ಬಿಡದ ಮರಗಟ್ಟುವಿಕೆ. ಪೆಟ್ಟು ತಿನ್ನುತ್ತಾ ಕೂರುವುದನ್ನು ಅಲ್ಲಿ ಯಾರೂ ಸಮಚಿತ್ತ ಎಂದಿಲ್ಲ. ‘ನಾನು ಸುರಕ್ಷಿತವಾಗಿರಲಿ’ ಎಂಬುದೂ ಮೈತ್ರಿಯೇ. ಅದನ್ನು ಹೇಳಿಕೊಂಡ ಕಾಲು ಬಾಗಿಲು ದಾಟಬೇಕು.

ಮೊದಲ ಹೆಜ್ಜೆ

ಒಂದು ಅನುಮಾನ. ಬೇಡಿಕೊಂಡ ಮಾತ್ರಕ್ಕೆ ಏನಾದರೂ ಆಗುತ್ತದೆಯಾ? ಪರೀಕ್ಷೆಗೆ ಓದದೆ ‘ಪಾಸಾಗಲಿ, ಪಾಸಾಗಲಿ’ ಎಂದು ಕೂತ ಹಾಗೆ ಆಗಲಿಲ್ಲವಾ? ನಾನು ಒಂದು ತಿಂಗಳಿಂದ ‘ನನ್ನ ಮಾತು ಮೃದುವಾಗಲಿ’ ಎಂದುಕೊಳ್ಳುತ್ತಿದ್ದೇನೆ. ಏನೂ ಬದಲಾದಂತಿಲ್ಲ.

ಹಳೆಯ ಮರ

ಬುದ್ಧನ ಮುಂದೆಯೂ ಇಂಥದೇ ಒಂದು ಪ್ರಶ್ನೆ ಬಂದಿತ್ತು. ಆಳದ ನೀರಿಗೆ ದೊಡ್ಡ ಬಂಡೆ ಎಸೆದು, ಜನ ಗುಂಪು ಸೇರಿ ‘ಮೇಲೆ ಬಾ ಬಂಡೆ, ತೇಲು ಬಂಡೆ’ ಎಂದು ಪ್ರಾರ್ಥಿಸಿದರೆ ಅದು ತೇಲುತ್ತದೆಯೇ ಎಂದು ತಿರುಗಿ ಕೇಳಿದ. ಸಂಯುತ್ತ ನಿಕಾಯದಲ್ಲಿ ಇದೆ.

ಅದೇ ನಿಕಾಯದಲ್ಲಿ ಕೋಳಿಯ ಉಪಮೆಯೂ ಇದೆ. ಎಂಟೋ ಹತ್ತೋ ಹನ್ನೆರಡೋ ಮೊಟ್ಟೆ. ಕೋಳಿ ಸರಿಯಾಗಿ ಕಾವು ಕೊಡದೆ ‘ನನ್ನ ಮರಿಗಳು ಹೊರಬರಲಿ’ ಎಂದು ಎಷ್ಟು ಬಯಸಿದರೂ ಮರಿ ಬರುವುದಿಲ್ಲ. ಸರಿಯಾಗಿ ಕಾವು ಕೊಟ್ಟಿದ್ದರೆ, ಬಯಸದಿದ್ದರೂ ಮರಿ ಚಿಪ್ಪು ಒಡೆದು ಬರುತ್ತದೆ. ಹಾರೈಕೆ ಎಂದರೆ ಗೂಡು ಎಲ್ಲಿದೆ ಎಂದು ನೆನಪಿಸುವ ಮಾತು. ಕೂರುವುದು ನಾವೇ.

ಒಂದು ತಿಂಗಳಲ್ಲಿ ಏನೂ ಬದಲಾಗಿಲ್ಲ ಎಂದಿರಲ್ಲ, ಅದಕ್ಕೂ ಅಲ್ಲೇ, ಆ ಕೋಳಿಯ ಪಕ್ಕದಲ್ಲೇ ಉತ್ತರ ಇದೆ. ಬಡಗಿ ತನ್ನ ಬಾಚಿಯ ಹಿಡಿಯ ಮೇಲೆ ಬೆರಳುಗಳ ಗುರುತು ಬಿದ್ದಿರುವುದನ್ನು ನೋಡುತ್ತಾನೆ. ಇವತ್ತು ಇಷ್ಟು ಸವೆಯಿತು, ನಿನ್ನೆ ಅಷ್ಟು ಸವೆಯಿತು ಎಂದು ಅವನಿಗೆ ಗೊತ್ತಾಗುವುದಿಲ್ಲ. ಸವೆದದ್ದು ಮಾತ್ರ ಗೊತ್ತಾಗುತ್ತದೆ. ನನ್ನ ತಂದೆ ಮರಗೆಲಸದವರು. ಅವರ ಬಾಚಿ ನನ್ನ ಹತ್ತಿರವೇ ಇದೆ. ಹಿಡಿಯ ಒಂದು ಪಕ್ಕದಲ್ಲಿ ಹೆಬ್ಬೆರಳು ಕೂರುವಷ್ಟು ತಗ್ಗು ಬಿದ್ದಿದೆ, ನುಣ್ಣಗೆ, ಗಾಜಿನ ಹಾಗೆ. ನಾನು ಅದರಲ್ಲಿ ಬೆರಳಿಟ್ಟರೆ ಸರಿಯಾಗಿ ಕೂರುವುದಿಲ್ಲ. ಅದು ಅವರ ಬೆರಳಿಗೇ ಆದದ್ದು. ಈ ಸುತ್ತ ಓದಿದ ದಿನ ಆ ಬಾಚಿಯನ್ನು ತುಂಬಾ ಹೊತ್ತು ಕೈಯಲ್ಲಿ ಹಿಡಿದುಕೊಂಡಿದ್ದೆ.

ಮಾತು ಮೃದುವಾಗಬೇಕು ಎಂದರೆ ಕಾವು ಕೊಡುವ ಜಾಗವೂ ಇದೆ. ಬುದ್ಧ ಮಗ ರಾಹುಲನಿಗೆ ಹೇಳಿಕೊಟ್ಟದ್ದು: ಆಡುವ ಮುಂಚೆ, ಆಡುವಾಗ, ಆಡಿದ ಮೇಲೆ, ಮೂರು ಸಲ ನೋಡಿಕೋ. ಇದರಿಂದ ನನಗೋ ಇನ್ನೊಬ್ಬರಿಗೋ ನೋವಾಗುತ್ತದೆಯಾ? ಮುಂಚೆ ನೋಡಲು ಆಗದಿದ್ದರೆ ಆಡಿದ ಮೇಲಾದರೂ ನೋಡಿ. ನನಗೆ ಈಗಲೂ ಜಾಸ್ತಿ ಸಲ ಸಾಧ್ಯವಾಗುವುದು ಅದೊಂದೇ.

ನೂಲುಂಡೆ

ನನ್ನ ತಮ್ಮ ಹೋಗಿ ಏಳು ತಿಂಗಳು. ಅವನ ಫೋಟೋ ನೋಡಿ ‘ಸುಖವಾಗಿರಲಿ’ ಎಂದುಕೊಂಡರೆ ಎದೆ ಇನ್ನಷ್ಟು ಬಿಗಿಯುತ್ತದೆ. ನನಗೆ ಯಾವ ಸಾಲು?

ಹಳೆಯ ಮರ

ತುಂಬಾ ನೋವಿನ ವಿಷಯ. ತೀರಿಹೋದವರನ್ನು ಮುಂದಿಟ್ಟುಕೊಂಡು ಮೈತ್ರಿ ಧ್ಯಾನ ಮಾಡಬೇಡಿ ಎಂದೇ ವಿಸುದ್ಧಿಮಗ್ಗ ಹೇಳುತ್ತದೆ. ಗುರುವನ್ನು ನೆನೆದು ಕೂತ ಒಬ್ಬ ಎಳೆಯ ಭಿಕ್ಷುವಿಗೆ ಧ್ಯಾನ ಕೂಡಲೇ ಇಲ್ಲ. ಕೊನೆಗೆ ನೋಡಿದರೆ ಆ ಗುರು ಆಗಲೇ ತೀರಿಕೊಂಡಿದ್ದರು. ನಿಮಗೆ ಆಗದಿರುವುದು ನಿಮ್ಮ ಕೊರತೆ ಅಲ್ಲ.

ಅಗಲಿಕೆಗೆ ಬೇರೆ ಮಾತುಗಳಿವೆ. ಹೆಂಗಸರು, ಗಂಡಸರು, ಸಂಸಾರಿಗಳು, ಸನ್ಯಾಸಿಗಳು ಎಲ್ಲರೂ ಆಗಾಗ ನೆನೆಯಬೇಕಾದ ಐದು ವಿಷಯ ಎಂದು ಅಂಗುತ್ತರ ನಿಕಾಯದಲ್ಲಿ ಇದೆ. ಮುಪ್ಪು ತಪ್ಪದು, ಕಾಯಿಲೆ ತಪ್ಪದು, ಸಾವು ತಪ್ಪದು. ನನಗೆ ಪ್ರಿಯವಾದ ಎಲ್ಲದರಿಂದಲೂ ನಾನು ಅಗಲಲೇಬೇಕು. ನಾನು ಮಾಡಿದ್ದೇ ನನ್ನ ಆಸ್ತಿ. ಕೇಳಲು ಕಠಿಣ. ಇವುಗಳಲ್ಲಿ ಹಾರೈಕೆ ಇಲ್ಲ, ಬರೀ ನಿಜ ಇದೆ.

ಆದರೆ ಏಳು ತಿಂಗಳು ಎಂದರೆ ಹಸಿ ಗಾಯ. ಈಗಲೇ ಇವನ್ನು ಹೇಳಿಕೊಳ್ಳಬೇಕೆಂದಿಲ್ಲ.

ರಾತ್ರಿ ಪಾಳಿ

ನೂಲುಂಡೆ ಅವರೇ, ನಾನು ಒಬ್ಬರನ್ನು ಕಳೆದುಕೊಂಡಾಗ ‘ಇಂಥ ನೋವಿನಲ್ಲಿ ಈ ರಾತ್ರಿ ಎಚ್ಚರವಾಗಿರುವ ಎಲ್ಲರಿಗೂ ಸ್ವಲ್ಪ ನಿದ್ದೆ ಬರಲಿ’ ಎಂದುಕೊಳ್ಳುತ್ತಿದ್ದೆ. ಆ ಎಲ್ಲರಲ್ಲಿ ನಾನೂ ಇದ್ದೆ. ಈಗ ನೀವೂ ಇದ್ದೀರಿ.

ಸಂಜೆಬೆಳಕು

ಮೂರು ವಾರ ಆಯಿತು, ತಿಳಿಸುತ್ತೇನೆ ಅಂದುಕೊಂಡಿದ್ದೆ.

ರಾತ್ರಿ ಪಾಳಿ ಅವರು ಹೇಳಿದ ಹಾಗೆ ಅಮ್ಮನ ಪ್ರಶ್ನೆಯನ್ನೇ ಗಂಟೆ ಮಾಡಿಕೊಂಡೆ. ಅವಳು ‘ನಿಮ್ಮಪ್ಪ ಬಂದ್ರಾ?’ ಎಂದ ತಕ್ಷಣ ಒಂದು ಉಸಿರು. ಮನಸ್ಸಿನಲ್ಲಿ ಮೂರು ಸಣ್ಣ ಮಾತು: ‘ಸಿಟ್ಟು ಬರುತ್ತಿದೆ. ಅಮ್ಮನಿಗೆ ನೆಮ್ಮದಿ ಸಿಗಲಿ. ನನಗೂ ಸಿಗಲಿ.’ ಮೊದಲನೆಯದು ಯಾರೂ ಹೇಳಿಕೊಟ್ಟದ್ದಲ್ಲ, ತಾನಾಗಿ ಸೇರಿಕೊಂಡಿತು. ಅದನ್ನು ಹೇಳದೆ ಮುಂದಿನದಕ್ಕೆ ಹೋದರೆ ಮತ್ತೆ ಸುಳ್ಳು ಅನ್ನಿಸುತ್ತದೆ.

ಎಲ್ಲ ಸರಿಹೋಗಿದೆ ಎನ್ನಲಾರೆ. ಹೋದ ವಾರ ಎರಡು ಸಲ ದನಿ ಏರಿತು. ಆದರೆ ಕಿರುಚಿದ ಮೇಲೆ ರಾತ್ರಿಯಿಡೀ ನನ್ನನ್ನೇ ಬೈದುಕೊಳ್ಳುವುದು ಕಡಿಮೆಯಾಗಿದೆ. ಮೊದಲು ಅದು ಗಾಯದ ಮೇಲೆ ಬರೆ ಎಳೆದುಕೊಂಡ ಹಾಗೆ ಇತ್ತು.

ಮೊನ್ನೆ ಉಸಿರು ತೆಗೆದುಕೊಂಡಾಗ ಆ ಒಂದು ಗಳಿಗೆಯಲ್ಲಿ ಅಮ್ಮನ ಮುಖವನ್ನು ಸರಿಯಾಗಿ ನೋಡಿದೆ. ಅವಳು ಕೇಳುವಾಗ ಕಣ್ಣಲ್ಲಿ ಭಯ ಇರುತ್ತದೆ. ಕತ್ತಲಾಯಿತು, ಮನೆಯವರು ಬಂದಿಲ್ಲ ಎಂಬ ಭಯ. ಇಷ್ಟು ದಿನ ಪ್ರಶ್ನೆ ಮಾತ್ರ ಕಿವಿಗೆ ಬೀಳುತ್ತಿತ್ತು, ಇದು ಕಂಡಿರಲಿಲ್ಲ. ಉತ್ತರ ಹೇಳುವುದನ್ನು ಬಿಟ್ಟು ‘ಅಪ್ಪ ಅಂದ್ರೆ ನಿಂಗೆ ತುಂಬಾ ಇಷ್ಟ ಅಲ್ವಾ ಅಮ್ಮ?’ ಎಂದೆ. ‘ಹೂಂ, ಚಪ್ಪಲಿ ಸದ್ದಲ್ಲೇ ಗೊತ್ತಾಗ್ತಿತ್ತು’ ಎಂದಳು. ಆಮೇಲೆ ಅಪ್ಪನ ಚಪ್ಪಲಿಯ ಬಗ್ಗೆ, ಎಡಗಾಲಿನದ್ದು ಯಾವಾಗಲೂ ಮೊದಲು ಸವೆಯುತ್ತಿದ್ದುದರ ಬಗ್ಗೆ ಇಬ್ಬರೂ ಮಾತಾಡಿದೆವು. ಅವತ್ತು ಸಂಜೆ ಅವಳು ಆ ಪ್ರಶ್ನೆಯನ್ನು ಇನ್ನು ನಾಲ್ಕೇ ಸಲ ಕೇಳಿದಳು.

ಚೀಟಿ ಮತ್ತೆ ಅಂಟಿಸಿಲ್ಲ.